ದಲೆಂದಾ ತಟ್ಟಿದ ನಲವತ್ತು ಬಾಗಿಲು

ಭೂಗೋಳ ಓದಿದವರಿಗೆ ಸ್ಫಾಕ್ಸ್ ಊರಿನಲ್ಲಿ ಕೆಲಸವಿಲ್ಲ ಎಂಬುದು ದಲೆಂದಾಳಿಗೆ ಪದವಿ ಮುಗಿದ ಮೂರನೇ ವಾರಕ್ಕೇ ಗೊತ್ತಾಗಿತ್ತು. ಆರು ವರ್ಷ ಮನೆಪಾಠ ಹೇಳಿ, ಮದುವೆಯಾಗಿ, ಮಗುವನ್ನೂ ಹೆತ್ತ ಮೇಲೆ ಅವಳು ಸೇರಿದ್ದು ವ್ಯಾಪಾರದ ಗಂಧವಿಲ್ಲದ ಪದವೀಧರರನ್ನು ಒಂದೇ ವರ್ಷದಲ್ಲಿ ವ್ಯವಹಾರಸ್ಥರನ್ನಾಗಿ ಮಾಡುತ್ತೇವೆನ್ನುವ ಸ್ನಾತಕೋತ್ತರ ತರಗತಿಗೆ. ತತ್ತ್ವಶಾಸ್ತ್ರದವರು, ಚರಿತ್ರೆಯವರು, ಒಬ್ಬ ಪಶುವೈದ್ಯ, ಎಲ್ಲರನ್ನೂ ಒಂದೇ ಬಾಣಲೆಗೆ ಹಾಕಿ ಹುರಿಯುತ್ತಿದ್ದವರು ಮೇಷ್ಟ್ರು ಸೀ ಲಮ್ಜದ್. ಜನ್ಮದಲ್ಲಿ ಒಂದು ಕಟ್ಟು ಕೊತ್ತಂಬರಿ ಮಾರಿದವರಲ್ಲ. ಆದರೂ 'ಮಾರುಕಟ್ಟೆ' ಎನ್ನುವಾಗ ಸ್ವಂತ ಮಗಳ ಹೆಸರು ಹೇಳಿದಂತೆ ಕಣ್ಣರಳಿಸುತ್ತಿದ್ದರು.

ಪಾಸಾದರೆ ಆಲಿವ್ ಎಣ್ಣೆ ಗಿರಣಿಯ ಕಚೇರಿಯಲ್ಲಿ ಅವಳಿಗೊಂದು ಕುರ್ಚಿ ಕಾದಿತ್ತು. ಅದು ಬೇಕೇ ಬೇಕಿತ್ತು; ಬಂದರಿನಲ್ಲಿ ಗಂಡನಿಗೆ ವಾರಕ್ಕೆ ಮೂರೇ ದಿನ ಕೆಲಸ.

ಕೊನೆಯ ಪರೀಕ್ಷೆಗೆ ಸೀ ಲಮ್ಜದ್ ಅವಳಿಗೆ ಕೊಟ್ಟ ಯೋಜನೆ: ರಂಜಾನಿಗೆ ಮಲ್ಸೂಕಾವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುವುದು. ಮೊಟ್ಟೆ ಒಡೆದಿಟ್ಟು, ಮಡಚಿ ಕರಿಯುವ ಆ ತೆಳು ಹಿಟ್ಟಿನ ಹಾಳೆ ಯಾವ ಮನೆಗೆ ಬೇಡ? ನಲವತ್ತು ಗೃಹಿಣಿಯರನ್ನು ಕೇಳಿ ಬರಬೇಕಿತ್ತು. ಉಳಿದವರು ತಮ್ಮ ತಮ್ಮ ನಲವತ್ತು ಜನರನ್ನು ಕಾಫಿ ಅಂಗಡಿಯಲ್ಲಿ ಕೂತೇ ಹುಟ್ಟಿಸಿದರು. ದಲೆಂದಾ ಮಾತ್ರ ಮಗುವನ್ನು ಸೊಂಟಕ್ಕೇರಿಸಿಕೊಂಡು ನಲವತ್ತು ಬಾಗಿಲು ತಟ್ಟಿದಳು.

"ಡಬ್ಬೀದಾ? ಥೂ! ಯಾವತ್ತು ಮಾಡಿದ್ದೋ ಏನೋ," ಎಂದಳು ಒಬ್ಬಳು.

"ನಮಗೆ ಹಿಂದಿನ ಬೀದಿ ಬೇಯಾ ಮಾಡಿ ತಂದ್ಕೊಡ್ತಾಳೆ. ಅವಳ ಕೈ ನಂಗೊತ್ತು," ಎಂದಳು ಇನ್ನೊಬ್ಬಳು.

ಮತ್ತೊಬ್ಬಳು ಪ್ರಶ್ನೆಯನ್ನೇ ಕೇಳಿಸಿಕೊಳ್ಳಲಿಲ್ಲ. "ಮೊದ್ಲು ಮಗೂಗೊಂದು ಟೋಪಿ ಹಾಕೇ, ಗಾಳಿ ಹೆಂಗೆ ಬೀಸ್ತಿದೆ! ಆಮೇಲೆ ವ್ಯಾಪಾರ ಮಾಡೀಯಂತೆ."

ಕೊಳ್ಳುತ್ತೇವೆ ಎಂದವರು ಇಬ್ಬರು.

ಸೀ ಲಮ್ಜದ್ ಅವಳ ಲೆಕ್ಕದ ಕಾಗದವನ್ನು ಎರಡು ಬೆರಳಲ್ಲಿ ಹಿಡಿದರು. "ಏನಮ್ಮಾ ಇದು, ಇಬ್ಬರೇ?"

"ಇಬ್ಬರೇ ಹೇಳಿದ್ದು."

"ಜನಕ್ಕೆ ತಮಗೇನು ಬೇಕು ಅಂತ ಎಲ್ಲಿ ಗೊತ್ತಿರುತ್ತೆ? ಶುಕ್ರವಾರದೊಳಗೆ ಸರಿಮಾಡ್ಕೊಂಡು ಬಾ. ಇಲ್ಲಾಂದ್ರೆ ಮುಂದಿನ ವರ್ಷ ಸಿಗೋಣ."

ಮನೆಯಲ್ಲಿ ತಾಯಿಗೆ ಹೇಳಿಕೊಂಡಳು. "ನಿಜ ಬರೆದ್ರೆ ಫೇಲಂತೆ ಕಣಮ್ಮಾ."

"ಗಿರಣಿಯವ್ರು ಅದನ್ನ ಓದ್ತಾರಾ?"

"ಎಲ್ಲಿ ಓದ್ತಾರೆ! ಪಾಸಾದ ಪತ್ರ ಕೇಳ್ತಾರೆ, ಅಷ್ಟೇ."

"ಮತ್ತಿನ್ನೇನು, ನಿಮ್ಮ ಮೇಷ್ಟ್ರಿಗೆ ಬೇಕಾದ್ದು ಗೀಚಿ ಬಿಸಾಕು. ಮಗು ಅಳ್ತಿದೆ ನೋಡು."

ಮಗುವಿಗೆ ಹಾಲೂಡಿಸುತ್ತಲೇ ಇನ್ನೊಂದು ಕೈಯಲ್ಲಿ ಅವಳು ಇಬ್ಬರನ್ನು ಮೂವತ್ತೊಂದು ಜನ ಮಾಡಿದಳು. ವರ್ಷವಿಡೀ ಕಲಿತದ್ದನ್ನು ಮಾಡಿ ಮುಗಿಸಲು ಹಿಡಿದದ್ದು ಕಾಲು ಗಂಟೆ.

ಶುಕ್ರವಾರ ಮೂವರು ಪರೀಕ್ಷಕರೂ ತಲೆದೂಗಿದರು. "ಜನರ ನಾಡಿ ಹಿಡಿಯೋದು ಅಂದ್ರೆ ಇದು!" ಎಂದು ಸೀ ಲಮ್ಜದ್ ಹಿಗ್ಗಿದರು. "ಈ ರಂಜಾನಿಗೇ ಶುರು ಮಾಡಿಬಿಡಮ್ಮಾ."

"ನಿಮ್ಮ ಮನೆಗೆ ಎಷ್ಟು ಡಬ್ಬಿ ಬರ್ಕೊಳ್ಳಲಿ?" ಎಂದಳು ದಲೆಂದಾ.

"ನಮಗಾ? ಛೇ ಛೇ, ನಮಗೆ ಬೇಡ. ನಮ್ಮಮ್ಮ ಮನೇಲೇ ಮಾಡ್ತಾರಲ್ಲ."

ಮೂವರೂ ಸೇರಿ 'ಅತ್ಯುತ್ತಮ' ಎಂದು ಬರೆದು ಮೊಹರು ಒತ್ತಿದರು. ದಲೆಂದಾ ಆ ಪತ್ರವನ್ನು ಮಗುವಿನ ಬಟ್ಟೆಯ ಚೀಲಕ್ಕೆ ತುರುಕಿ, ಗಿರಣಿಯ ಕಚೇರಿ ಮುಚ್ಚುವ ಮೊದಲೇ ತಲುಪುವ ಬಸ್ಸು ಹಿಡಿದಳು.