ಗೋಡೆ ತಟ್ಟಿ ನೋಡುತ್ತಿದ್ದ ಸಾಹೇಬರು

ಉದಗೀರಿನಲ್ಲಿ ನಮ್ಮ ಮನೆಯ ಪಕ್ಕ ಹೊಸ ಮನೆಯೊಂದು ಏಳುತ್ತಿದೆ. ಬೆಳಿಗ್ಗೆ ಹಸಿ ಗೋಡೆಗೆ ನೀರು ಹೊಡೆಯುತ್ತಾರೆ. ಆಗ ಏಳುವ ಸಿಮೆಂಟಿನ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. ಮನೆಯವರಿಗೆಲ್ಲ ಅದೊಂದು ಕಾಟ. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಮಾತ್ರ ಅಲ್ಲೇ ನಿಂತುಬಿಡುತ್ತದೆ... ನಮ್ಮ ಸಾಹೇಬರು ನೆನಪಾಗುತ್ತಾರೆ.

ನಾನು ಬಸವಕಲ್ಯಾಣದ ಕಡೆಯವಳು. ಭೂಕಂಪವಾದ ಮರುವರ್ಷ ಯೆಣೆಗೂರಿನಿಂದ ಒಳಗೆ ಹೋಗುವ ಒಂದು ಊರಿಗೆ ಸೊಸೆಯಾಗಿ ಬಂದೆ. ಊರೆಂದರೆ ಆಗ ತಗಡಿನ ಶೆಡ್ಡುಗಳ ಸಾಲು, ಅಷ್ಟೇ. ಕಲ್ಲುಮಣ್ಣಿನ ಹಳೆಯ ಮನೆಗಳೆಲ್ಲ ಕುಸಿದಿದ್ದವು. ಮಣ್ಣಿನ ಮಾಳಿಗೆ ಬಿದ್ದು ಮಾವ ತೀರಿಕೊಂಡಿದ್ದರು. ಅತ್ತೆಯನ್ನು ಜನ ಹೊರಗೆಳೆದು ಉಳಿಸಿದ್ದರು. ಅಂದಿನಿಂದ ಅತ್ತೆ ಯಾವ ಮಾಳಿಗೆಯ ಕೆಳಗೂ ಮಲಗಿರಲಿಲ್ಲ. ತವರಿನವರು ಇದನ್ನೆಲ್ಲ ತಿಳಿದೇ ಕೊಟ್ಟಿದ್ದರು. ಆದರೂ ಬಂದ ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಬೇಸಿಗೆಯಲ್ಲಿ ತಗಡಿನ ಕೆಳಗೆ ಒಂದು ಮಧ್ಯಾಹ್ನ ಕೂತು ನೋಡಿ, ಗೊತ್ತಾಗುತ್ತದೆ.

ಹೊಸ ಊರು ಕಟ್ಟಿಸಲು ಬಂದ ಸರಕಾರಿ ಇಂಜಿನಿಯರು ನಮ್ಮ ಪಕ್ಕದ ಶೆಡ್ಡಿನಲ್ಲೇ ಇದ್ದರು. ಅವರೇ ನಮ್ಮ ಸಾಹೇಬರು. ನಿಲಂಗಾ ಕಡೆಯ ಲಿಂಗವಂತ ಒಕ್ಕಲು ಮನೆತನ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು, ಅತ್ತಿಗೆಯನ್ನು ಕರೆಯುವ ಹಾಗೆ, "ವೈನಿ, ಚಹಾ ಅದ ಏನ್ರಿ?" ಅನ್ನುತ್ತಿದ್ದರು. ಕಣ್ಣಿಗೆ ಬಿದ್ದ ಗೋಡೆಯನ್ನೆಲ್ಲ ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುವುದು ಅವರ ಚಟ, ಕಲ್ಲಂಗಡಿ ಕೊಳ್ಳುವವರ ಹಾಗೆ. ನಾವು ಹೆಂಗಸರು ಹಿಂದೆ ನಿಂತು ನಗುತ್ತಿದ್ದೆವು.

ಮನೆಗಳು ಎದ್ದವು. ಮೇಲಿನಿಂದ ಬಂದ ನಕ್ಷೆಯ ಪ್ರಕಾರ ಒಂದು ಸಾಲಿನ ಬಾಗಿಲು ಉತ್ತರಕ್ಕೆ, ಎದುರು ಸಾಲಿನದು ದಕ್ಷಿಣಕ್ಕೆ. ನಕ್ಷೆ ಬರೆದವರಿಗೆ ರಸ್ತೆ ನೆಟ್ಟಗೆ ಬಂದರೆ ಸಾಕಿತ್ತು. ಅಷ್ಟು ಸಾವು ಕಂಡ ಊರು ಯಮನ ದಿಕ್ಕಿಗೆ ಬಾಗಿಲು ತೆರೆದು ಕೂರುವುದುಂಟೆ? ದಕ್ಷಿಣದ ಬಾಗಿಲಿನ ಮನೆಗೆ ಒಬ್ಬರೂ ಕಾಲಿಡಲಿಲ್ಲ. ನಮ್ಮ ಪಾಲಿಗೆ ಬಂದದ್ದೂ ಅದೇ ಸಾಲು. ಒಂದು ಮುಂಜಾನೆ ಜನ ಹಾರೆ ಹಿಡಿದು ಹಿಂದಿನ ಗೋಡೆ ಒಡೆಯಲು ಹೊರಟರು. ಎಲ್ಲರಿಗಿಂತ ಮುಂದೆ ನಮ್ಮತ್ತೆ. ಸಾಹೇಬರು ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಆಯಿ, ಆ ಮೂಲಿ ಒಡೀಬ್ಯಾಡ್ರಿ. ಮಾಳಿಗಿ ಭಾರ ಎಲ್ಲಾ ಅದರ ಮ್ಯಾಲೇ ಅದ. ಮತ್ತೊಮ್ಮಿ ನೆಲ ಅಳ್ಳಾಡ್ತಂದ್ರ..."

"ಹಂಗಾದ್ರ ನೀನೇ ಈ ಕಡಿಗಿ ಬಾಗಿಲಾ ಇಡಸು, ತಮ್ಮಾ. ಸತ್ತವರ ದಿಕ್ಕಿಗಿ ಮಾರಿ ಮಾಡಿ ನಾ ಕೂಡಂಗಿಲ್ಲ," ಅಂದರು ಅತ್ತೆ.

ಸಾಹೇಬರು ಇದೇ ಮಣ್ಣಿನವರು. ಮೂಢನಂಬಿಕೆ ಅಂತ ನಗಲಿಲ್ಲ. ಸರಿಯಾದ ಜಾಗ ನೋಡಿ, ಸುತ್ತ ಕಾಂಕ್ರೀಟಿನ ಚೌಕಟ್ಟು ಕೂಡಿಸಿದರೆ ಹಿಂದಿನ ಗೋಡೆಯಲ್ಲೂ ಬಾಗಿಲು ಇಡಬಹುದು, ಒಪ್ಪಿಗೆ ಕೊಡಿ ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ಮುಗಿದ ಕಟ್ಟಡಕ್ಕೆ ಮತ್ತೆ ಕೈ ಹಚ್ಚುವಂತಿಲ್ಲ ಎಂಬ ಒಂದೇ ಉತ್ತರ. ಕೊನೆಗೆ ನೌಕರಿ ಬಿಟ್ಟು ಬಂದವರೇ, "ವೈನಿ, ನಾ ಇಲೆಕ್ಷನ್ನಿಗಿ ನಿಂದರ್ತೀನ್ರಿ," ಅಂದರು. ನಾನು ನಕ್ಕುಬಿಟ್ಟೆ. ನಾಲ್ಕು ಜನರ ಮುಂದೆ ಮಾತಾಡಲು ಬೆವರುತ್ತಿದ್ದ ಮನುಷ್ಯ! ಆದರೆ ಬಾಗಿಲಿನ ಸಿಟ್ಟು ಸುತ್ತಲಿನ ಊರುಗಳಲ್ಲೂ ಇತ್ತು. ಗೆದ್ದೇಬಿಟ್ಟರು.

ಶಾಸಕರನ್ನು ನಮ್ಮ ಕಡೆ ಆಮದಾರ ಅನ್ನುತ್ತಾರೆ. ಆಮದಾರರಾಗಿ ಅವರು ಮೊದಲು ತಂದದ್ದೇ ಆ ಒಪ್ಪಿಗೆ. ಬಿಳಿ ಜುಬ್ಬಾ ಹಾಕಿಕೊಂಡೇ ಸಿಮೆಂಟಿನ ಧೂಳಿನಲ್ಲಿ ನಿಂತು ನಮ್ಮ ಸಾಲಿನ ಮನೆಮನೆಗೂ ಉತ್ತರದ ಬಾಗಿಲು ಇಡಿಸಿದರು. ಊರೆಲ್ಲ ಒಳಗೆ ಹೋಯಿತು. ಅತ್ತೆ ಒಳಗೆ ಪೂಜೆ ಮಾಡಿದರು, ಉಂಡರು; ಮಲಗುವುದಕ್ಕೆ ಮಾತ್ರ ಅಂಗಳದ ತಗಡಿನ ಕೆಳಗೇ ಹೋದರು.

"ಇನ್ನೂ ಅಂಜಿಕಿ ಏನ್ರಿ, ಆಯಿ? ನಾ ಹೇಳ್ತೀನಿ, ಗ್ವಾಡಿ ಗಟ್ಟಿ ಅದಾವ," ಅಂದರು ಸಾಹೇಬರು.

"ನೀ ಈಗ ವೋಟ್ ಕೇಳಂವ, ತಮ್ಮಾ. ವೋಟ್ ಕೇಳಂವರು ಎಲ್ಲಾ ಗಟ್ಟಿ ಅದ ಅಂತಾರ. ನಾ ಹ್ಯಾಂಗ ನಂಬ್ಲಿ?"

ಅವರ ಮುಖ ಸಣ್ಣದಾಯಿತು. ಅತ್ತೆಯ ಮೇಲೆ ನನಗೆ ವಿಪರೀತ ಕೋಪ ಬಂತು. ಆಕೆಗೆಂದೇ ನೌಕರಿ ಬಿಟ್ಟವರಿಗೆ ಆಡುವ ಮಾತೇ ಅದು?

ಮುಂದಿನ ಚುನಾವಣೆ ಹತ್ತಿರ ಬಂದಿತ್ತು. ಹೆದ್ದಾರಿಯ ಊರೊಂದರಲ್ಲಿ ಮದುವೆ, ಜವಳಕ್ಕೆಂದು ದೊಡ್ಡ ಭವನ ಎದ್ದಿತ್ತು. ಕಟ್ಟಿಸಿದವನು ಒಬ್ಬ ಗುತ್ತೇದಾರ, ಸಾಹೇಬರ ಹಿಂದಿನ ಚುನಾವಣೆಯನ್ನು ಹೆಗಲ ಮೇಲೆ ಹೊತ್ತವನೂ ಅವನೇ. ಉದ್ಘಾಟನೆಗೆ ನಾವೂ ಟ್ರ್ಯಾಕ್ಟರಿನಲ್ಲಿ ಹೋದೆವು, ಅತ್ತೆಯೂ ಬಂದರು. ಹಲಗೆ ಬಾರಿಸುವ ಸದ್ದು, ಬುಂದಿಯ ಪರಿಮಳ, ಬಾಗಿಲಿಗೆ ಕೆಂಪು ರಿಬ್ಬನ್ನು. ಸಾಹೇಬರು ತಟ್ಟೆಯಿಂದ ಕತ್ತರಿ ಎತ್ತಿಕೊಂಡರು. ಹಳೆಯ ಚಟ, ಪಕ್ಕದ ಕಂಬವನ್ನೊಮ್ಮೆ ತಟ್ಟಿದರು. ಕಿವಿಗೊಟ್ಟರು. ಇನ್ನೊಂದನ್ನು ತಟ್ಟಿದರು. ಉಗುರಿನಿಂದ ಕೆರೆದರೆ ಮರಳು ಪುಸಪುಸ ಉದುರಿತು. ಕತ್ತರಿ ವಾಪಸು ತಟ್ಟೆಗೆ ಹೋಯಿತು.

"ಸಾಹೇಬ್ರ, ಮಂದಿ ನೋಡ್ಲಿಕತ್ತಾರ," ಗುತ್ತೇದಾರ ಹತ್ತಿರ ಬಂದು ಹಲ್ಲು ಕಚ್ಚಿ ಅಂದ. "ಇವತ್ತ ರಿಬ್ಬನ್ ಕತ್ತರಸ್ರಿ. ಆಮ್ಯಾಲ ದುರುಸ್ತ ಮಾಡೂಣು."

"ಮೊದಲ ದುರುಸ್ತ ಆಗ್ಲಿ. ಇದರ ಕೆಳಗ ಮಂದೀನ ನಾ ಕೂಡಸಂಗಿಲ್ಲ," ಅಂದು ಸಾಹೇಬರು ಜೀಪು ಹತ್ತಿಬಿಟ್ಟರು.

ಊಟಕ್ಕೆ ಕಾದಿದ್ದ ಜನ ಬಾಯಿಗೆ ಬಂದ ಹಾಗೆ ಬೈದರು. ಗುತ್ತೇದಾರ ತನ್ನ ಜನರನ್ನೆಲ್ಲ ಕಟ್ಟಿಕೊಂಡು ಎದುರು ಪಕ್ಷಕ್ಕೆ ಹೋದ. ಸಾಹೇಬರು ಸೋತರು, ಚೆನ್ನಾಗಿಯೇ ಸೋತರು. ಆ ಸುದ್ದಿ ಬಂದ ಸಂಜೆ ಅತ್ತೆ ಅಂಗಳದಿಂದ ತಮ್ಮ ಕೌದಿ ಸುತ್ತಿಕೊಂಡು ಬಂದು ನಡುಮನೆಯಲ್ಲಿ ಹಾಸಿದರು. ನಾನು ಬಾಯಿ ತೆರೆದು ನೋಡುತ್ತ ನಿಂತೆ.

"ಏನ್ ನೋಡ್ತಿ? ಅಂವಾ ಸೋತಾನ, ಖರೇ. ಆದ್ರ ಸುಳ್ಳ ಹೇಳಂವಲ್ಲ," ಅಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮರುವಾರ ಸಾಹೇಬರು ಬಂದಾಗ ಆ ಕೌದಿಯನ್ನು ತೋರಿಸಿದೆ. ಪಕ್ಕದ ಗೋಡೆಯನ್ನೊಮ್ಮೆ ತಟ್ಟಿ ಕಿವಿಗೊಟ್ಟರು, ಆಮೇಲೆ ಚಹಾ ಕೇಳಿದರು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ನಿಲಂಗಾಕ್ಕೆ ಹೋಗಿ ಹೊಲ ನೋಡಿಕೊಂಡರು.

ಭವನವನ್ನು ಹೊಸ ಆಮದಾರರು ಉದ್ಘಾಟಿಸಿದರು. ನಿಜ ಹೇಳಬೇಕೆಂದರೆ ಅದು ಇಂದಿಗೂ ನಿಂತೇ ಇದೆ. "ಸಾಹೇಬ್ರ, ನಿಮ್ಮ ಭವನ ಇನ್ನಾ ಬಿದ್ದಿಲ್ರೀ!" ಎಂದು ಜನ ಕಿಚಾಯಿಸಿದರೆ, "ಬೀಳಬಾರದಪ್ಪಾ, ನಿಂದರ್ಲಿ," ಅನ್ನುತ್ತಿದ್ದರು. ಆ ಮಾತಿನಲ್ಲಿ ಕಹಿ ಇರಲಿಲ್ಲ.

ಅತ್ತೆ ನಡುಮನೆಯಲ್ಲೇ, ತಮ್ಮ ಹಾಸಿಗೆಯಲ್ಲೇ, ನೆಮ್ಮದಿಯಿಂದ ಹೋದರು. ಆಮೇಲೆ ನಾವು ಉದಗೀರಿಗೆ ಬಂದೆವು. ಈ ಭಾಗದಲ್ಲಿ ನೆಲ ಇನ್ನೂ ಆಗಾಗ ಸಣ್ಣಗೆ ಗುಡುಗುತ್ತದೆ. ಗುಡುಗಿದಾಗಲೆಲ್ಲ ಸಾಹೇಬರ ಫೋನು ಬರುತ್ತಿತ್ತು: "ವೈನಿ, ಎಲ್ಲಾರೂ ಹೊರಗ ಬಂದೀರೇನ್ರಿ?" ಹೋದ ವರ್ಷ ಅವರೂ ತೀರಿಕೊಂಡರು.

ಮೊನ್ನೆ ಅಡುಗೆಮನೆಯ ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಅಂದವು. ಎಲ್ಲರೂ ಅಂಗಳಕ್ಕೆ ಓಡಿದೆವು. ಸ್ವಲ್ಪ ಹೊತ್ತಿಗೆ ಮಕ್ಕಳು ನಗುತ್ತ ಒಳಗೆ ಹೋದರು. ಕೇಳುವವರು ಯಾರೂ ಉಳಿದಿಲ್ಲವೆಂದು ಗೊತ್ತಿದ್ದೂ ನಾನು ಮಾತ್ರ ಫೋನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ.