ಮಾವ ಮಾಡಿದ ವಿರೋಧ ಪಕ್ಷದ ಭಾಷಣ

ಹೆಂಡತಿಯ ತಂದೆತಾಯಿ ಆ ವರ್ಷ ಧಾರವಾಡದಿಂದ ವಿಸಿಟ್ ವೀಸಾದಲ್ಲಿ ಗಲ್ಫಿಗೆ, ಡಿಸ್ಕವರಿ ಗಾರ್ಡನ್ಸಿನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಮಾವ ಹೈಸ್ಕೂಲಿನ ಹಿಂದಿ ಮಾಸ್ತರರಾಗಿ ನಿವೃತ್ತರಾದವರು, ಆಳುವ ಪಕ್ಷದ ಕಟ್ಟಾ ಅಭಿಮಾನಿ. ಅತ್ತೆಯದು ಮದುವೆಗೆ ಮುಂಚಿನಿಂದಲೂ ಎದುರು ಪಕ್ಷ. ನಲವತ್ತು ವರ್ಷ ಹಿಂದಿ ಮಾಸ್ತರರ ಜೊತೆ ಸಂಸಾರ ಮಾಡಿಯೂ ಹಿಂದಿ ಕಲಿಯಲಿಲ್ಲವೆಂಬುದನ್ನು ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಪ್ರಧಾನಿ ವರ್ಷಕ್ಕೊಮ್ಮೆ ಮಾಡುವ ಭಾಷಣ ಒಂದು ದಿನ ಬೆಳಿಗ್ಗೆ ಟಿವಿಯಲ್ಲಿ ಬಂತು. ಮಾವ ಎದ್ದು ನಿಂತು ಸಾಲುಸಾಲನ್ನೂ ಕನ್ನಡಕ್ಕೆ ತಂದರು. ಅತ್ತೆ ಬದನೆಕಾಯಿ ಹೆಚ್ಚುತ್ತ ಪೂರ್ತಿ ಕೇಳಿಸಿಕೊಂಡರು. ಮಧ್ಯಾಹ್ನ ವಿರೋಧ ಪಕ್ಷದ ನಾಯಕರು ಉತ್ತರ ಕೊಡಲು ಕೂತಾಗ ಅತ್ತೆಯೂ ಸೋಫಾಕ್ಕೆ ಬಂದು ಕೂತರು.

“ಈಗ ಇದನ್ನೂ ಹೇಳ್ರಿ.”

ನಾಯಕರು ಐದು ನಿಮಿಷ ಮಾತಾಡಿದರು. ಮಾವ, “ನಮಸ್ಕಾರ ಅಂತಾನ,” ಎಂದರು.

“ಇಷ್ಟೊತ್ತು ಬರೇ ನಮಸ್ಕಾರ?”

“ದೇಶದಾಗ ಮಂದಿ ಭಾಳ ಇದ್ದಾರಲಾ.”

ಅಷ್ಟರಲ್ಲಿ ಎದುರು ಫ್ಲ್ಯಾಟಿನವರು ಬಂದರು. ಉಡುಪಿ ಕಡೆಯವರು, ದೇರಾ ಪೇಟೆಯಲ್ಲಿ ಬಟ್ಟೆ ವ್ಯಾಪಾರ. ಅಂಗಡಿಗೆ ಬೇಕಾದಷ್ಟು ಹಿಂದಿ ಬಲ್ಲವರು. ಅತ್ತೆ ಭಾಷಾಂತರದ ಕೆಲಸವನ್ನು ಅವರಿಗೆ ವಹಿಸಿದರು. ನಾಯಕರು ‘ಖೋಖಲೇ ವಾದೇ’ ಎಂದು ಗುಡುಗಿದಾಗ ಅವರು ತುಸು ಯೋಚಿಸಿ, “ಖೊಖೊ ಆಟದ ಬಗ್ಗೆ ಎಂತದೋ ವಾದ ಉಂಟಂತೆ ಅಮ್ಮ,” ಎಂದರು.

ಮಾವನಿಗೆ ತಡೆಯಲಾಗಲಿಲ್ಲ. “ಖೋಖಲಾ ಅಂದ್ರ ಪೊಳ್ಳು. ವಾದಾ ಅಂದ್ರ ಕೊಟ್ಟ ಮಾತು. ಪೊಳ್ಳು ಭರವಸೆ. ಎಂಟನೇ ಕ್ಲಾಸಿನ ಹುಡುಗ್ರಿಗೂ ಗೊತ್ತಿರ್ತದ.”

“ಯಾರ ಭರವಸೆ ಪೊಳ್ಳು?” ಅತ್ತೆ ಕೇಳಿದರು.

ಮಾವ ನನ್ನತ್ತ ನೋಡಿದರು. ನಾನು ಚಹಾದ ಲೋಟ ನೋಡಿದೆ.

“ನಮ್ಮ ಸರಕಾರದ್ದು,” ಎಂದರು ಮೆಲ್ಲಗೆ. “ಅಂವ ಹಂಗಂತಾನ.”

“ನೀವು ಬಿಡಿ ಮಾಸ್ಟ್ರೇ, ನಾನೇ ಹೇಳ್ತೇನೆ,” ಎಂದು ಎದುರು ಫ್ಲ್ಯಾಟಿನವರು ಮತ್ತೆ ಬಾಯಿ ತೆರೆದರು. ಮಾವ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಅಲ್ಲಿಂದ ಮುಂದೆ ಒಂದು ಪದವನ್ನೂ ಬಿಡಲಿಲ್ಲ. ಸೋಫಾದಿಂದ ಎದ್ದು ನಿಂತರು, ದನಿ ಏರಿತು. ಬೆಲೆಯೇರಿಕೆಯ ಮಾತು ಬಂದಾಗ ಮೇಜು ಗುದ್ದಿದರು, ಟಿವಿಯಲ್ಲಿದ್ದವರು ಗುದ್ದಿರಲಿಲ್ಲ.

ಸದ್ದಿಗೆ ನನ್ನ ಮಗಳು ಒಳಗಿನಿಂದ ಬಂದಳು. “ಅಜ್ಜಾ, ಡಿಡ್ ಯು ಚೇಂಜ್ ಪಾರ್ಟಿ?”

“ಇಲ್ಲವ್ವಾ, ಭಾಷಾಂತರ ಮಾಡಾಕತ್ತೀನಿ.”

ಭಾಷಣ ಮುಗಿಯಿತು. ಅತ್ತೆ ಕಣ್ಣು ಮಿನುಗಿಸುತ್ತ, “ಮುಂಜಾನಿದ್ದಕ್ಕಿಂತ ಇದನ್ನ ಭಾಳ ಛಲೋ ಹೇಳಿದ್ರಿ,” ಎಂದರು. ಸಿಟ್ಟಾಗಬೇಕೋ ಹಿಗ್ಗಬೇಕೋ ತಿಳಿಯದೆ ಮಾವ ಕೂತು ಬೆವರೊರೆಸಿಕೊಂಡರು.

“ಆ ಮನಷ್ಯಾನ ಹಿಂದಿ ಶುದ್ಧ ಅದ,” ಎಂದರು ಕೊನೆಗೆ.

ಎದುರು ಪಕ್ಷದ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಒಳ್ಳೆಯ ಮಾತು ಅದು.