‘ಸಾಕು, ನಿಂತ್ಕೊಳ್ರೀ’

“ಸಾರ್, ನಿಲ್ಲಿ!” ಎಂದು ಕಿರುಚಿ ಓಡಿದೆ. ಬಸವನಗುಡಿಯ ಕಹಳೆ ಬಂಡೆಯ ಮೇಲೆ ವಯಸ್ಸಾದ ಒಬ್ಬರು ಮೊಬೈಲ್ ಹಿಡಿದು, ಎದುರಿನ ಕಾವಲು ಗೋಪುರ ಫೋಟೋದಲ್ಲಿ ಪೂರ್ತಿ ಬರಲೆಂದು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಅವರ ಹಿಮ್ಮಡಿ ಆಗಲೇ ಬಂಡೆಯ ಅಂಚು ಮುಟ್ಟಿತ್ತು. ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಕುಸಿದು ಕುಳಿತೆವು. ಅವರ ಒಂದು ಚಪ್ಪಲಿ ಜಾರಿ ಕೆಳಗಿನ ಕಲ್ಲುಗಳ ನಡುವೆ ಬಿತ್ತು.

“ಹಿಂದೆ ನೋಡ್ಕೋಬಾರ್ದಾ ಸಾರ್?” ಎಂದೆ.

“ಅಭ್ಯಾಸ ಇಲ್ಲಮ್ಮ. ಎಲ್ಲಿ ಹೋದ್ರೂ ನಮ್ಮನೆಯವಳು ಫೋಟೋಗೆ ಎದುರಿಗೆ ನಿಂತಿರೋಳು. ‘ಸಾಕು, ನಿಂತ್ಕೊಳ್ರೀ, ಬೀಳ್ತೀರ’ ಅಂತ ಅವಳೇ ಕೂಗೋಳು. ಹೋದ ವರ್ಷ ತೀರ್ಕೊಂಡ್ಳು. ಇವತ್ತೂ ಕೂಗ್ತಾಳೆ ಅಂತಾನೇ ಹೋಗ್ತಿದ್ದೆ.”

ಅವರು ತೆಗೆದ ಫೋಟೋ ತೋರಿಸಿದರು. ಗೋಪುರದ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದರು.

ಅಂಚು ಮುಟ್ಟಿದ ಆ ಹಿಮ್ಮಡಿ ಈಗಲೂ ಕಣ್ಣಿಗೆ ಕಟ್ಟುತ್ತದೆ. ರಜೆಯ ದಿನ ಒಬ್ಬಳೇ ಊರು ನೋಡಲು ಹೊರಡುವವಳು ನಾನು. ಅಂದು ಮನೆಗೆ ಬಂದು ನನ್ನ ಮೊಬೈಲ್ ತೆರೆದು ನೋಡಿದೆ. ಗುಡಿ, ಗೋಪುರ, ಹಳೆಯ ಕಟ್ಟಡ, ಎಲ್ಲವೂ ಪೂರ್ತಿ ಬಂದಿವೆ. ಕೂಗಿ ನಿಲ್ಲಿಸುವವರು ಮಾತ್ರ ಒಂದರಲ್ಲೂ ಇಲ್ಲ.